ಹೆಬ್ಬೆಟ್ಟು ಹಿಡಿದವಳು

ಸಹಿ ಹಾಕುವ ಮುಂಚೆ ಒಂದು ಸಲ ಓದಿಬಿಡೋಣ ಎಂದು ಅನ್ನಿಸಿದ್ದೇ ಆ ಬೆಳಿಗ್ಗೆ ಸತ್ಯಭಾಮಾಳಿಗೆ ಒದಗಿದ ತೊಂದರೆ. ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಜಾಡಿಯ ಕೆಳಗೆ, ಗಾಳಿಗೆ ಹಾರದಂತೆ ಇಟ್ಟಿದ್ದ ಕಾಗದಗಳು ಎರಡು. ಒಂದು ಅಚ್ಚಿಗೆ ಹೋಗಬೇಕಾದದ್ದು. ಬರುವ ಭಾನುವಾರ ಗಂಡನಿಗೆ ಅರವತ್ತು ತುಂಬಿದ ಸನ್ಮಾನ. ಆ ಸಭೆಯಲ್ಲಿ ಬಿಡುಗಡೆಯಾಗುವ ಜೀವನಚರಿತ್ರೆಯ ಕೊನೆಯ ಅಧ್ಯಾಯ ‘ನನ್ನ ಪತಿದೇವರು’. ಬರೆದವರು ಶ್ರೀಮತಿ ಸತ್ಯಭಾಮಾ ಅನಂತಪದ್ಮನಾಭ ರಾವ್ ಎಂದು ಕೆಳಗಿತ್ತು. ಬರೆದದ್ದು ಮಾತ್ರ ಬದರಿನಾಥ ಎಂಬ ಕನ್ನಡ ಪಂಡಿತರು. ಇನ್ನೊಂದು ಛಾಪಾ ಕಾಗದ. ಪಾತ್ರೆ ತಿಕ್ಕಲು ಬರುವ ಅಕ್ಕಯಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತಬೇಕು, ಒತ್ತಿದ್ದು ಅಕ್ಕಯಮ್ಮನೇ ಎಂದು ಸತ್ಯಭಾಮಾ ಅದರಡಿ ಸಹಿ ಹಾಕಬೇಕು.

“ಎರಡಕ್ಕೂ ಸಹಿ ಹಾಕಿಟ್ಟಿರು,” ಎಂದು ಗಂಡ ಸ್ನಾನಕ್ಕೆ ಹೋಗುತ್ತಾ ಹೇಳಿದ್ದರು. “ಅವಳು ಬಂದ ತಕ್ಷಣ ಒತ್ತಿಸಿಬಿಡು. ಪಾತ್ರೆಗೆ ಕೂತಮೇಲೆ ಕೈಯೆಲ್ಲ ಬೂದಿ ಮಾಡ್ಕೋತಾಳೆ. ಹತ್ತೂವರೆಗೆ ಬದರಿನಾಥ್ ಬರ್ತಾರೆ.”

“ಏನು ಬರೆದಿದ್ದಾರೆ?”

“ಯಾವುದರಲ್ಲಿ?”

“ನಾನು ಬರೆದಿರೋದ್ರಲ್ಲಿ.”

“ಒಳ್ಳೇದೇ ಬರೆದಿದ್ದೀಯ,” ಎಂದು ಅವರು ಬಚ್ಚಲಮನೆಯ ಬಾಗಿಲು ಹಾಕಿಕೊಂಡಿದ್ದರು.

ಕೋರ್ಟಿನಲ್ಲಿ ಅನಂತಪದ್ಮನಾಭ ರಾಯರನ್ನು ಬೆನ್ನ ಹಿಂದೆ ‘ಗಡಿಕಲ್ಲು’ ಎನ್ನುತ್ತಿದ್ದರು. ಬೇರೆ ವಕೀಲರು ಕೋರ್ಟಿಗೆ ಹತ್ತಿರ ಮನೆ ಹುಡುಕಿದರೆ ಇವರು ಊರು ಮುಗಿಯುವ ಕಡೆ ಹುಡುಕುತ್ತಿದ್ದರು. ಸತ್ಯಭಾಮಾ ಮದುವೆಯಾಗಿ ಬಂದಾಗ ಬಸವನಗುಡಿಯ ಕೊನೆಯ ಬೀದಿ, ಕೊನೆಯ ದೀಪದ ಕಂಬ, ಕಂಬದ ಆಚೆ ರಾಗಿ ಹೊಲ. ಊರು ಮುಂದೆ ಸರಿದಾಗ ಇವರೂ ವಕೀಲರ ಬೋರ್ಡು ಕಿತ್ತುಕೊಂಡು ಸರಿದರು. ಮೂವತ್ತು ವರ್ಷಗಳಲ್ಲಿ ಐದು ಮನೆ, ಐದೂ ಕೊನೆಯ ದೀಪದ ಕಂಬದ ಕೆಳಗೆ. ಬಡಾವಣೆಗೆಂದು ಜಮೀನು ಹಿಡಿಯಲು ಸರ್ವೇಯವರ ಸರಪಳಿ ನೆಲಕ್ಕೆ ಬೀಳುವ ಮೊದಲೇ ಇವರ ಸೈಕಲ್ಲು ಹಳ್ಳಿಯ ಅರಳೀಕಟ್ಟೆ ತಲುಪಿರುತ್ತಿತ್ತು. “ನಿಮ್ಮ ಭೂಮಿ ಹೋಗುತ್ತಪ್ಪಾ” ಎಂದು ಇವರು ಹೇಳಿದ ಮೇಲೇ ಹಳ್ಳಿಯವರಿಗೆ ಭೂಮಿ ಹೋಗುವ ಸಂಗತಿ ತಿಳಿಯುತ್ತಿದ್ದದ್ದು. ಅವರ ಅಳು ಮುಗಿಯುವಷ್ಟರಲ್ಲಿ ವಕಾಲತ್ತು ಸಿದ್ಧ. ಮೊದಲು ಭೂಮಿ ಕೊಡುವುದಿಲ್ಲವೆಂಬ ತಕರಾರು ಅರ್ಜಿ. ವರ್ಷಗಳು ಕಳೆದು, ಬಡಾವಣೆ ಮಾಡುವ ಸರ್ಕಾರಿ ಬೋರ್ಡಿನವರು ಪರಿಹಾರವನ್ನು ಒಂದಿಷ್ಟು ಏರಿಸಿ, ಎಲ್ಲರಿಗೂ ಸುಸ್ತಾದ ಮೇಲೆ, ತಕರಾರು ವಾಪಸು ಪಡೆಯುವ ಅರ್ಜಿ. ಅವರ ಇಡೀ ವಕೀಲಿ ಈ ಎರಡು ಹೆಬ್ಬೆಟ್ಟುಗಳ ನಡುವೆ ನಡೆದದ್ದು. ಹಳ್ಳಿಗಳು ಕಾರ್ಪೊರೇಶನ್ನಿಗೆ ಸೇರಿದಾಗ ಅವೇ ಹೆಬ್ಬೆಟ್ಟುಗಳು ಓಟುಗಳಾದವು. ಭೂಮಿ ಉಳಿಸಿಕೊಡುತ್ತೇನೆಂದು ಒಂದು ಸಲ ಗೆದ್ದರು. ಭೂಮಿ ಹೋದಮೇಲೆ ನಲ್ಲಿ ಹಾಕಿಸಿಕೊಡುತ್ತೇನೆಂದು ಇನ್ನೊಂದು ಸಲ. ಈಗ ಅಸೆಂಬ್ಲಿ ಟಿಕೆಟ್ಟಿನ ಮಾತು ನಡೆಯುತ್ತಿತ್ತು. ಅದಕ್ಕೆ ಮೊದಲು ಜಯನಗರದಲ್ಲಿ ಅವರ ಹೆಸರಿನದೊಂದು ಪಾರ್ಕು ಆಗಬೇಕೆಂದು ಸನ್ಮಾನ ಸಮಿತಿ ನಿರ್ಣಯಿಸಿತ್ತು. ಸಮಿತಿಯ ಅಧ್ಯಕ್ಷರು ಯಾರೋ, ನಿರ್ಣಯ ಬರೆದುಕೊಟ್ಟವರು ಇವರೇ. ಭಾನುವಾರ ವೇದಿಕೆಯ ಮೇಲೆ ಅದನ್ನು ಘೋಷಿಸಬೇಕು. ಅಡ್ಡ ಇದ್ದದ್ದು ಅಕ್ಕಯಮ್ಮನ ಹತ್ತು ಗುಂಟೆ: ಹೊಂಗೆಕುಂಟೆ ಎಂಬ ಹಳ್ಳಿಯಲ್ಲಿ ಜಯನಗರ ಬಡಾವಣೆಯ ಹೊಟ್ಟೆಗೆ ಸೇರದೆ ಉಳಿದಿದ್ದ ಒಂದು ಮೂಲೆ, ಒಂದು ಬಾವಿ, ಬಾವಿಯ ಪಕ್ಕ ಅವಳ ಗಂಡನನ್ನು ಹೂತ ಕಲ್ಲಿನ ಕಟ್ಟೆ. ಅದರ ಮೇಲೊಂದು ತಕರಾರು ಅರ್ಜಿ ಇತ್ಯರ್ಥವಾಗದೆ ಕೂತಿತ್ತು. ಅದನ್ನು ಅಕ್ಕಯಮ್ಮನ ಪರವಾಗಿ ಬರೆದವರು ಸ್ವತಃ ಅನಂತಪದ್ಮನಾಭ ರಾಯರು. ಎಷ್ಟು ಗಟ್ಟಿಯಾಗಿ ಬರೆದಿದ್ದರೆಂದರೆ ಈಗ ಅವರೇ ನಾಲ್ಕು ತಿಂಗಳು ಕಾನೂನು ಪುಸ್ತಕ ತಿರುವಿದರೂ ಅದರಲ್ಲೊಂದು ಬಿರುಕು ಸಿಕ್ಕಿರಲಿಲ್ಲ. “ಎಂಥಾ ಡ್ರಾಫ್ಟಿಂಗು!” ಎಂದು ಒಮ್ಮೆ ಊಟದ ಮಧ್ಯೆ ತಮ್ಮ ಮೇಲೆ ತಾವೇ ಸಿಟ್ಟಾಗಿದ್ದರು. ಉಳಿದ ದಾರಿ ಅಕ್ಕಯಮ್ಮನೇ ಅದನ್ನು ವಾಪಸು ಪಡೆಯುವುದು; ಉಪ್ಪಿನ ಜಾಡಿಯ ಕೆಳಗಿನ ಛಾಪಾ ಕಾಗದ ಅದಕ್ಕೇ.

ಹೆಂಗಸರ ಹೆಬ್ಬೆಟ್ಟು ಸತ್ಯಭಾಮಾಳ ಪಾಲಿಗೆ ಬಂದದ್ದು ಮದುವೆಯಾದ ಮೂರನೇ ವರ್ಷ. ಗಂಡ ಸತ್ತವರ ಹೆಸರಿನಲ್ಲಿ ಜಮೀನಿದ್ದರೆ ಅವರೇ ಬಂದು ಒತ್ತಬೇಕು. ಅವರಿಗೆ ಒತ್ತಲು ಬರುತ್ತಿರಲಿಲ್ಲ. ಬೆರಳನ್ನು ಎಳೆದು ಬಳಿದುಬಿಡುತ್ತಿದ್ದರು. ಯಾರಾದರೂ ಹಿಡಿದು ಒತ್ತಿಸಬೇಕು. ಗುಮಾಸ್ತ ಕೊಟ್ರಪ್ಪ ಒಬ್ಬಳ ಕೈ ಹಿಡಿದಾಗ ಅವಳ ಮೈದುನ ಜಗಲಿಯಲ್ಲೇ ಕೊಟ್ರಪ್ಪನ ಕುತ್ತಿಗೆ ಹಿಡಿದ. ಅಂದಿನಿಂದ ಜಗಲಿಯ ಕಡೆಯಿಂದ “ಅಮ್ಮಾವ್ರೇ, ಒಂದು ಕೈ” ಎಂದು ಕೂಗು ಬಂದರೆ ಸತ್ಯಭಾಮಾ ಸೆರಗಿಗೆ ಕೈಯೊರೆಸಿಕೊಂಡು ಬರುತ್ತಿದ್ದಳು. ಅವಳಿಗೆ ಮುಖಗಳು ಮರೆತವು, ಬೆರಳುಗಳು ನೆನಪಿದ್ದವು. ಕಳೆ ಕಿತ್ತು ಪಕ್ಕಕ್ಕೆ ಬಾಗಿದ್ದೊಂದು, ಕುಡುಗೋಲಿನ ಗಾಯ ಅಡ್ಡ ಬಿದ್ದದ್ದೊಂದು, ಇನ್ನೂ ಬಳೆಗಾರನ ನೆನಪಿರುವ ಎಳೆಯ ಕೈಯದೊಂದು. ಒತ್ತಿಸಿದ ಮೇಲೆ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆಯುತ್ತಿದ್ದಳು: ‘ಓದಿ ಹೇಳಿದ್ದನ್ನು ಕೇಳಿ, ಸರಿಯೆಂದು ಒಪ್ಪಿ ಒತ್ತಿದ ಹೆಬ್ಬೆಟ್ಟು.’ ಯಾರೂ ಓದಿ ಹೇಳಿರುತ್ತಿರಲಿಲ್ಲ. ಲೋಯರ್ ಸೆಕೆಂಡರಿ ಪಾಸಾದ ಅಕ್ಷರ. ನಿನ್ನ ಕೈಬರಹ ಮುತ್ತು ಕಣೇ ಎಂದು ಗಂಡ ಹೊಗಳಿದ್ದು ಆ ವಾಕ್ಯ ನೋಡಿಯೇ, ಒಂದು ಸಲ. ಆ ಹೊಗಳಿಕೆಯಲ್ಲಿ ಅವಳು ಎಷ್ಟೋ ವರ್ಷ ಬದುಕಿದಳು. ಹೆಂಗಸರು ಹೋದಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದಳು. ಅತ್ತೆ ಇರುವತನಕ ಅತ್ತೆಯ ಮಡಿಗೆ. ಅತ್ತೆ ತೀರಿಕೊಂಡ ಮೇಲೂ ತೊಳೆಯುತ್ತಲೇ ಇದ್ದಳು, ಯಾರ ಮಡಿಗೆ ಎಂದು ಕೇಳಿಕೊಳ್ಳಲಿಲ್ಲ.

ಹಿತ್ತಿಲ ಕಡೆ ಸಪ್ಪಳವಾಯಿತು. ಅಕ್ಕಯಮ್ಮ ಬರುತ್ತಿದ್ದಳು. ಗೇಟಿನಿಂದ ಹಿತ್ತಿಲಿಗೆ ಕಲ್ಲು ಹಾಸಿದ ದಾರಿ ಇತ್ತು. ಅವಳು ಒಂದು ದಿನವೂ ಅದರ ಮೇಲೆ ನಡೆದವಳಲ್ಲ. ಗೇಟು ದಾಟಿದ್ದೇ ಮೂಲೆಯಿಂದ ಮೂಲೆಗೆ, ರಾಯರ ಗುಲಾಬಿ ಗಿಡಗಳ ನಡುವೆ ಹಾದು, ಬಾವಿಕಟ್ಟೆಯಿಲ್ಲದ ಕಡೆ ಬಾವಿಕಟ್ಟೆ ಸುತ್ತುವವಳಂತೆ ಒಂದು ಸುತ್ತು ಹಾಕಿ ಹಿತ್ತಿಲಿಗೆ ಬರುತ್ತಿದ್ದಳು. “ಹಾದಿ ಕಾಣಲ್ವೇನೇ ನಿನಗೆ?” ಎಂದು ರಾಯರು ಎಷ್ಟು ಸಲ ಗದರಿಸಿದರೂ, “ಕಾಣ್ತದೆ ಬುದ್ದಿ, ಕಾಲು ಕೇಳಾಕಿಲ್ಲ” ಎನ್ನುತ್ತಿದ್ದಳು. ಸತ್ಯಭಾಮಾಳಿಗೆ ಗೊತ್ತಿತ್ತು, ಅದು ಹೊಲದ ಬದು. ಈ ಮನೆ, ಈ ಅಡುಗೆಮನೆ, ಈ ಉಪ್ಪಿನ ಜಾಡಿ ಇರುವ ಗೂಡು, ಎಲ್ಲ ಇರುವುದು ಅಕ್ಕಯಮ್ಮನ ಅವರೆ ಹೊಲದಲ್ಲಿ. ಐವತ್ತಮೂರನೇ ಇಸವಿಯಲ್ಲಿ ಆ ಎರಡು ಎಕರೆಯ ತಕರಾರು ವಾಪಸಾಯಿತು. ಬಡಾವಣೆ ಆದಮೇಲೆ ಊರಿಗೆ ಉಪಕಾರ ಮಾಡಿದ ಗಣ್ಯರೆಂದು ವಕೀಲರಿಗೂ ಒಂದು ಸೈಟು ಮಂಜೂರಾಯಿತು. ಗೃಹಪ್ರವೇಶದ ದಿನ ಹೊಂಗೆಕುಂಟೆಯ ಹೆಂಗಸರು ಬಂದು ಆರತಿ ಎತ್ತಿದರು. ಅಕ್ಕಯಮ್ಮ ಎತ್ತಲಿಲ್ಲ, ವಿಧವೆ. ಬೀದಿಯಲ್ಲಿ ನಿಂತು ನೋಡಿ, ಮಾರನೆಯ ವಾರ ಪಾತ್ರೆ ಕೆಲಸ ಕೇಳಿಕೊಂಡು ಬಂದಳು. ಆ ವಾಪಸಿನ ಹೆಬ್ಬೆಟ್ಟನ್ನು ಹಿಡಿದು ಒತ್ತಿಸಿದ್ದು ಸತ್ಯಭಾಮಾ. ಆಗಿನ ಬಾಡಿಗೆ ಮನೆಯ ಜಗಲಿ, ಬೆಳಗಿನ ಎಂಟು ಗಂಟೆ, ಒಳಗೆ ಒಲೆಯ ಮೇಲೆ ಹಾಲು. “ಏನಂತೆ ಅಮ್ನೋರೇ ಇದು?” ಎಂದು ಅಕ್ಕಯಮ್ಮ ಕೇಳಿದಳು. ಓದಿ ಹೇಳಬಹುದಿತ್ತು, ಒಂದೂವರೆ ಪುಟ. ಸತ್ಯಭಾಮಾ, “ಹಳೇದೇ, ಒತ್ತು” ಎಂದಳು. ಅಷ್ಟೇ ನೆನಪು. ಅದರಾಚೆ ನೆನಪನ್ನು ಅವಳು ಯಾವತ್ತೂ ಕರೆದಿರಲಿಲ್ಲ.

“ಪಾತ್ರೆ ಎಲ್ಲಿ?” ಎಂದು ಅಕ್ಕಯಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಳು.

“ಪಾತ್ರೆ ಆಮೇಲೆ. ಕೂತ್ಕೋ. ಒಂದು ಹೆಬ್ಬೆಟ್ಟು ಬೇಕಂತೆ.”

“ಓಟಿಂದಾ?”

“ಅಲ್ಲ.”

“ಮತ್ತೆ ಯಾಕೆ ಮಸಿ? ಓಟಿಗೆ ಬಂದ್ರೆ ಬುದ್ದಿಯೋರು ಲಾರೀನಾರ ಕಳಿಸ್ತಾರೆ,” ಎಂದು ನಗುತ್ತಾ ಅಕ್ಕಯಮ್ಮ ಬಾಗಿಲ ಹೊಸ್ತಿಲ ಆಚೆ ಕುಕ್ಕರುಗಾಲಲ್ಲಿ ಕೂತು ಕೈ ಚಾಚಿದಳು. ಕೊಟ್ರಪ್ಪ ಮಸಿಯ ಪ್ಯಾಡು ತಂದಿಟ್ಟು, ಹೆಂಗಸರ ವ್ಯವಹಾರವೆಂದು ಮುಖ ತಿರುಗಿಸಿ ನಿಂತ. ಸತ್ಯಭಾಮಾ ಅವಳ ಹೆಬ್ಬೆರಳು ಹಿಡಿದು ಪ್ಯಾಡಿಗೆ ಒತ್ತಿ ಕಾಗದಕ್ಕೆ ಒತ್ತಿದಳು. ಬೆರಳೆತ್ತಿದರೆ ಕಪ್ಪಗೆ ಒಂದು ಹುಣಸೇಬೀಜದಂಥ ಗುರುತು. ಗೆರೆಯೇ ಇಲ್ಲ. ಮಸಿ ಜಾಸ್ತಿಯಾಯಿತೇನೋ ಎಂದು ಒರೆಸಿ ಮತ್ತೆ ಒತ್ತಿಸಿದಳು. ಮತ್ತೊಂದು ಹುಣಸೇಬೀಜ. ಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದಳು. ನದಿಯ ಕಲ್ಲಿನ ಹಾಗೆ ನುಣ್ಣಗಿತ್ತು.

“ಇದರ ಗೆರೆ ಎಲ್ಲಿ ಹೋಯ್ತೇ?”

“ನಾಕು ಮನೆ ಪಾತ್ರೆ ಅಲ್ವರಾ. ಬೂದಿ, ಹುಣಸೇಹಣ್ಣು, ತೆಂಗಿನ ನಾರು. ನಿಮ್ಮ ಇತ್ತಾಳೆ ಕೊಳಗಾನೇ ಅರ್ಧ ತಿಂದಿರಬೇಕು.” ಅಕ್ಕಯಮ್ಮ ತನ್ನ ಬೆರಳನ್ನು ತಾನೂ ಮೊದಲ ಸಲ ನೋಡುವವಳಂತೆ ನೋಡಿದಳು. “ಓದೋ ಮಕ್ಕಳ ಸ್ಲೇಟು ಒರೆಸ್ದಂಗೆ ಆಗೈತೆ.”

ಕೊಟ್ರಪ್ಪ ಒಳಗೆ ಹೋಗಿ ಹೇಳಿದ. ರಾಯರು ಜರಿಪೇಟ ಅರ್ಧ ಸುತ್ತಿಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದರು. ಕಾಗದವನ್ನು ಒಮ್ಮೆ ನೋಡಿ, ಅಕ್ಕಯಮ್ಮನನ್ನು ನೋಡದೆ, ಹೆಂಡತಿಯನ್ನು ಪಕ್ಕದ ದೇವರಮನೆಗೆ ಕರೆದರು.

“ಇಂಥದ್ದು ನಡೆಯಲ್ಲ. ಗೆರೆ ಇಲ್ದೆ ಇದ್ರೆ ಕಾಡಿಗೆ ಬೊಟ್ಟು ಅಂತಾರೆ ಬೋರ್ಡಿನವರು. ಒಂದು ಕೆಲಸ ಮಾಡು. ಪಕ್ಕದಲ್ಲಿ ನಿಂದೇ ಒತ್ತಿಬಿಡು.”

“ನಂದಾ?”

“ಹೆಬ್ಬೆಟ್ಟು ಹೆಬ್ಬೆಟ್ಟೇ ಕಣೇ. ಯಾರು ಕೂತು ಭೂತಗನ್ನಡಿ ಹಿಡಿದು ನೋಡ್ತಾರೆ? ನಿನ್ನ ಕೈ ಮೃದುವಾಗಿದೆ, ಗೆರೆ ಚೆನ್ನಾಗಿ ಬೀಳುತ್ತೆ.”

“ಅವಳದು ಅಂತ ಕೆಳಗೆ ಸಹೀನೂ ನಾನೇ ಹಾಕಬೇಕಲ್ಲ.”

“ಅದೇ ಇನ್ನೂ ಒಳ್ಳೇದಾಯ್ತು. ಗುರುತಿಸೋಕೆ ನಿನಗಿಂತ ಯಾರು ಬೇಕು?” ಎಂದು ರಾಯರು ಪೇಟದ ಉಳಿದರ್ಧ ಸುತ್ತುತ್ತಾ ಜಗಲಿಗೆ ಹೋದರು. ಅವರ ಧ್ವನಿಯಲ್ಲಿ ಒತ್ತಾಯವೇ ಇರಲಿಲ್ಲ. ಹಪ್ಪಳ ಸಾಲದಿದ್ದರೆ ಇನ್ನೆರಡು ಕರಿ ಎನ್ನುವ ಧ್ವನಿಯದು. ಅದರಿಂದಲೇ ಸತ್ಯಭಾಮಾ ಅಡುಗೆಮನೆಗೆ ವಾಪಸು ಬಂದು, ಏನೂ ಯೋಚಿಸದೆ, ತನ್ನ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿಬಿಟ್ಟಳು. ತಣ್ಣಗಿತ್ತು. ಮೂವತ್ತು ವರ್ಷದಲ್ಲಿ ಮಸಿ ತಣ್ಣಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಹೆಂಗಸರೂ ಪ್ಯಾಡಿಗೆ ಬೆರಳು ತಾಗಿದಾಗ ಒಂದು ಚೂರು ಕೈ ಹಿಂದೆಳೆದುಕೊಳ್ಳುತ್ತಿದ್ದರು. ಅದನ್ನು ಅವಳು ಹೆದರಿಕೆ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು.

ಅಕ್ಕಯಮ್ಮ ಅವಳ ಬೆರಳನ್ನೇ ನೋಡುತ್ತಿದ್ದಳು. “ನಿಮಗ್ಯಾಕೆ ಅಮ್ನೋರೇ ಮಸಿ?”

ಸತ್ಯಭಾಮಾ ಮಸಿಯ ಬೆರಳನ್ನು ಗಾಳಿಯಲ್ಲಿ ಎತ್ತಿ ಹಿಡಿದೇ, ಇನ್ನೊಂದು ಕೈಯಲ್ಲಿ ಛಾಪಾ ಕಾಗದ ತೆಗೆದುಕೊಂಡು ಓದತೊಡಗಿದಳು. ಓದಬೇಕೆಂದು ನಿರ್ಧರಿಸಿ ಓದಿದ್ದಲ್ಲ. ಆ ಪ್ರಶ್ನೆಗೆ ಬೇರೆ ಉತ್ತರ ಹೊಳೆಯಲಿಲ್ಲ. ‘ಸದರಿ ಹತ್ತು ಗುಂಟೆ ಖುಷ್ಕಿ ಜಮೀನು, ಅದರಲ್ಲಿರುವ ಬಾವಿ, ಗಿಡಮರ, ಕಟ್ಟೆ ಸಮೇತ’ ಎನ್ನುವಲ್ಲಿ ಅಕ್ಕಯಮ್ಮ ತಡೆದಳು.

“ಬಾವೀನೂವಾ?”

“ಬಾವೀನೂ.”

“ಕಟ್ಟೆ ಅಂದ್ರೆ, ನಮ್ಮೆಜಮಾನ ಇರೋ ಕಟ್ಟೇನಾ?”

“ಅದೇ.”

“ಅಲ್ಲೇನ್ ಮಾಡ್ತಾರಂತೆ?”

“ಪಾರ್ಕು. ಹುಲ್ಲು ಬೆಳೆಸಿ ಬೆಂಚು ಹಾಕ್ತಾರೆ.”

“ಹುಲ್ಲು ಮೇಯಾಕೆ ಯಾರ ದನ?”

“ದನ ಬಿಡಲ್ಲ. ಬರೀ ನೋಡೋಕೆ.”

ಅಕ್ಕಯಮ್ಮ ಇದನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ತಿರುಗಿಸಿ ನೋಡಿದಳು. ಸತ್ಯಭಾಮಾಳಿಗೆ ಅವಳು ಅಳಬೇಕಿತ್ತು ಅನ್ನಿಸಿತು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು, ಸಮಾಧಾನ ಹೇಳುವುದು ತನಗೆ ಬರುತ್ತಿತ್ತು. ಅಳಲಿಲ್ಲ. ಹಾಗಾಗಿ ಬಾಯಿಂದ ಬೇರೆ ಮಾತು ಬಂತು.

“ಆವತ್ತೂ ಹಿಂಗೇ ಓದಿ ಹೇಳಬೇಕಿತ್ತು ಕಣೇ. ಎರಡು ಎಕರೇದು. ನಾನು ಹಳೇದೇ ಅಂದುಬಿಟ್ಟೆ.”

“ಹೂಂ. ಹಾಲು ಉಕ್ತಿತ್ತು.”

“ನಿನಗೆ ನೆನಪಿದೆಯಾ?”

“ನಾನೇ ಅಂದ್ನಲ್ಲ. ನೀವು ಕಾಗದ ಬಿಡಿಸಿ ಓದಕ್ಕೇಂತ ಕೂತ್ರಿ. ಒಳಗೆ ಸೊರ್ ಅಂತು. ಓಗಿ ಅಮ್ನೋರೇ, ಆಲು ಉಕ್ತದೆ, ಇದೇನ್ ಮಹಾ, ಒತ್ತಿಸ್ಕಳಿ ಅಂದೆ. ನೀವು ಒತ್ತಿಸ್ಕಂಡು ಎದ್ದೋದ್ರಿ.”

ಸತ್ಯಭಾಮಾ ಗೋಡೆಗೆ ಒರಗಿದಳು. ಹನ್ನೊಂದು ವರ್ಷ ತನ್ನ ತಪ್ಪನ್ನು ತಾನೇ ಒಂದು ಒಡವೆಯ ಹಾಗೆ ಗಂಟು ಕಟ್ಟಿ ಇಟ್ಟುಕೊಂಡಿದ್ದಳು. ಅದರೊಳಗೆ ಇವಳದೊಂದು ಉಪಕಾರವೂ ಸೇರಿತ್ತೆಂದು ಈಗ ಬಿಚ್ಚಿದಾಗ ಗೊತ್ತಾಯಿತು. ಅದೂ ಎಂಥ ಉಪಕಾರ, ಅರ್ಧ ಸೇರು ಹಾಲಿಗೆ. ಹಾಲು ಹೇಗೂ ಉಕ್ಕಿ ಒಲೆ ಆರಿತ್ತು.

“ಇನ್ನೊಂದು ಕಾಗದ ಯಾರ್ದು?” ಎಂದಳು ಅಕ್ಕಯಮ್ಮ, ಉಪ್ಪಿನ ಜಾಡಿಯ ಕಡೆ ಗಲ್ಲ ತೋರಿಸಿ. “ಅದರಾಗೂ ನಂದೇನಾರ ಐತಾ?”

“ಅದು ನಂದು. ನಾನು ಬರೆದಿದ್ದಂತೆ.”

“ಓದಿ, ಕೇಳಾಣ. ಹೆಂಗೂ ಪಾತ್ರೆ ಒಣಗೋಯ್ತು.”

ಸತ್ಯಭಾಮಾ ‘ನನ್ನ ಪತಿದೇವರು’ ಓದಿದಳು. ಬದರಿನಾಥರ ಕನ್ನಡದಲ್ಲಿ ಒಂದೊಂದು ವಾಕ್ಯಕ್ಕೂ ಮೂರು ಮೂರು ಹೂಮಾಲೆ. ‘ರೈತಾಪಿ ಬಂಧುಗಳ ಅಶ್ರುಧಾರೆಯನ್ನು ನೆನೆದು ನನ್ನ ಪತಿದೇವರು ಇರುಳಿಡೀ ನಿದ್ರಿಸುತ್ತಿರಲಿಲ್ಲ’ ಎಂದು ಓದಿ, ಅಕ್ಕಯಮ್ಮನಿಗೆ ತಿಳಿಯುವಂತೆ ಬಿಡಿಸಿ ಹೇಳಿದಳು.

“ಗೊರಕೆ ಹೊಡೀತಿರಲಿಲ್ವಾ?”

“ಆ ಗೊರಕೆ ಕೇಳಿದ್ರೆ ತಾನೇ ನನಗೆ ನಿದ್ದೆ ಬರ್ತಿದ್ದದ್ದು.”

ಅಕ್ಕಯಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಸತ್ಯಭಾಮಾಳಿಗೂ ನಗು ಬಂತು. ಜಗಲಿಗೆ ಕೇಳಿಸೀತೆಂದು ಇಬ್ಬರೂ ತಡೆದುಕೊಂಡರು. ‘ನೊಂದ ರೈತ ಮಹಿಳೆಯರನ್ನು ಸ್ವಂತ ಸೋದರಿಯರೆಂದು ಬಗೆದು ಅವರ ಕರಗಳನ್ನು ಹಿಡಿದೆತ್ತಿದರು.’ ಅವರ ಕೈ ಹಿಡಿದದ್ದು ನಾನು, ಎಂದುಕೊಂಡು ಸತ್ಯಭಾಮಾ ಮುಂದಿನ ಸಾಲಿಗೆ ಹೋದಳು. ‘ಓದುಬರಹ ಅರಿಯದ ಅಬಲೆಯಾದ ನಾನು ಇಂಥ ಮಹಾಪುರುಷರ ಕುರಿತು ಏನು ತಾನೇ ಬರೆಯಬಲ್ಲೆ?’ ಆ ಸಾಲನ್ನು ಮತ್ತೊಮ್ಮೆ ಕಣ್ಣಲ್ಲೇ ಓದಿದಳು. ಬದರಿನಾಥರಿಗೆ ಅವಳ ಮೇಲೆ ಹಗೆಯೇನಿಲ್ಲ. ಹೆಂಡತಿಯರ ಲೇಖನದಲ್ಲಿ ಆ ಸಾಲು ಇರಬೇಕು, ಪಾಯಸಕ್ಕೆ ಏಲಕ್ಕಿಯ ಹಾಗೆ, ಹಾಕಿದ್ದಾರೆ. ಗಂಡ ಓದಿದ್ದಾರೆ. ಕೆಂಪು ಶಾಯಿಯಲ್ಲಿ ಎರಡು ಕಡೆ ತಿದ್ದಿದ್ದಾರೆ. ಇಸವಿಯೊಂದು ತಪ್ಪಿತ್ತು, ‘ಮಹಾನುಭಾವ’ ಇದ್ದದ್ದನ್ನು ‘ಮಹಾಪುರುಷ’ ಮಾಡಿದ್ದಾರೆ. ಓದುಬರಹ ಅರಿಯದ ಎಂಬಲ್ಲಿ ಕೆಂಪು ಶಾಯಿ ತಾಗಿಲ್ಲ.

“ಏನಂತೆ?” ಎಂದಳು ಅಕ್ಕಯಮ್ಮ.

“ನನಗೆ ಓದೋಕೆ ಬರಲ್ವಂತೆ.”

“ನಿಮಗೂ ಬರಾಕಿಲ್ವಾ?” ಅಕ್ಕಯಮ್ಮನ ಕಣ್ಣು ಛಾಪಾ ಕಾಗದದ ಕಡೆ ಹೊರಳಿತು. “ಅಂಗಾರೆ ಈಗ ಓದಿದ್ದು?”

ಹಾಸ್ಯವೋ ಅನುಮಾನವೋ ತಿಳಿಯಲಿಲ್ಲ. ಅಕ್ಕಯಮ್ಮ ಎದ್ದು, ಸತ್ಯಭಾಮಾಳ ಕೈಯಿಂದ ಛಾಪಾ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿದಳು. “ನಮ್ಮ ಚಿಕ್ಕಬೈರಪ್ಪನ ಮಗಳು ನಾರಾಯಣಮ್ಮ ಐಸ್ಕೂಲು ಓದ್ತಾವಳೆ. ಅವಳ ಕೈಲೂ ಒಂದ್ಸಲ ಓದಿಸ್ತೀನಿ. ಬೇಜಾರು ಮಾಡ್ಕಬ್ಯಾಡಿ. ಆಮ್ಯಾಕೆ ಒತ್ತೋದಾ ಬಿಡೋದಾ ನೋಡಾಣ. ಒತ್ತಾಕೆ ಗೆರೇನೂ ಇಲ್ವಲ್ಲ,” ಎಂದು ಪಾತ್ರೆಗಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೋದಳು.

ಬೇಜಾರಾಯಿತು. ಓದಿ ಹೇಳಿದ ಒಂದೇ ಒಂದು ಸಲವೂ ನಂಬಿಕೆ ಹುಟ್ಟಲಿಲ್ಲವಲ್ಲ ಎಂದು, ಕೆನ್ನೆಗೆ ಹೊಡೆದಂತೆ ಬೇಜಾರಾಯಿತು. ಅದು ಸರಿಯೇ ಎಂದು ಅನ್ನಿಸಿದ್ದು ಒಂದು ನಿಮಿಷ ತಡವಾಗಿ.

ಜಗಲಿಯಲ್ಲಿ ಬದರಿನಾಥರ ಧ್ವನಿ. “ತಾಯಿಯವರ ಲೇಖನವೊಂದು ಸಿಕ್ಕಿಬಿಟ್ಟರೆ ಗ್ರಂಥ ಪರಿಪೂರ್ಣ, ರಾಯರೇ. ಅಚ್ಚುಕೂಟದವನು ಬಾಗಿಲಲ್ಲೇ ಕೂತಿದ್ದಾನೆ.”

“ಕೊಟ್ರಪ್ಪ, ಎರಡೂ ಇಸ್ಕೊಂಡು ಬಾರಯ್ಯ,” ಎಂದರು ರಾಯರು.

ಸತ್ಯಭಾಮಾ ಲೇಖನವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿದಳು. ಬೆರಳಿನ ಮಸಿ ಒಣಗುತ್ತಿತ್ತು. ಪ್ಯಾಡಿಗೆ ಇನ್ನೊಮ್ಮೆ ಒತ್ತಿ, ‘ಇಂತಿ’ ಎಂದಿದ್ದ ಕಡೆ, ತನ್ನ ಬೆರಳನ್ನು ತಾನೇ ಇನ್ನೊಂದು ಕೈಯಲ್ಲಿ ಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ಹೊರಳಿಸಿದಳು. ಗೆರೆಗಳು ಚೆನ್ನಾಗಿ ಬಿದ್ದವು. ಗಂಡ ಹೇಳಿದ್ದು ನಿಜ. ಲೇಖನಿ ತೆಗೆದುಕೊಂಡು ಕೆಳಗೆ ಎಂದಿನ ದುಂಡು ಅಕ್ಷರದಲ್ಲಿ ಬರೆದಳು: ‘ಓದಿ ಹೇಳಿದ್ದನ್ನು ಕೇಳಿ, ಸರಿಯೆಂದು ಒಪ್ಪಿ ಒತ್ತಿದ ಹೆಬ್ಬೆಟ್ಟು. ಗುರುತಿಸಿದವರು:’ ಅದರ ಮುಂದೆ ಗಂಡನ ಸಹಿಗೆ ಜಾಗ ಬಿಟ್ಟಳು. ಕೊಟ್ರಪ್ಪನ ಕೈಗೆ ಕೊಟ್ಟು, “ಇನ್ನೊಂದು ಅಕ್ಕಯಮ್ಮನ ಹತ್ರ ಇದೆ, ಓದಿಸ್ತಾಳಂತೆ ಅಂತ ಹೇಳು” ಎಂದಳು. ಮೂವತ್ತು ವರ್ಷದಿಂದ ಗುಮಾಸ್ತನಾಗಿದ್ದವನು ಕಾಗದ ನೋಡಿದ, ಅವಳ ಬೆರಳು ನೋಡಿದ, ಏನೂ ನೋಡದವನಂತೆ ನಡೆದ.

ಹಿತ್ತಿಲಿಗೆ ಬಂದು ಅಕ್ಕಯಮ್ಮನ ಪಕ್ಕದಲ್ಲಿ ಕೂತಳು. ಹಾಗೆ ಕೂತದ್ದು ಇದೇ ಮೊದಲು. ಒಂದು ಹಿಡಿ ಬೂದಿ ತೆಗೆದುಕೊಂಡು ಬೆರಳು ತಿಕ್ಕಿದಳು, ತೆಂಗಿನ ನಾರಿನಿಂದ ತಿಕ್ಕಿದಳು. ಮಸಿ ಅಂಚಿನಲ್ಲಿ ಮಾಸಿತು, ಗೆರೆಗಳ ಒಳಗೆ ಕೂತದ್ದು ಅಲ್ಲೇ ಕೂತಿತು.

ಜಗಲಿಯಿಂದ ರಾಯರ ಗಟ್ಟಿ ಧ್ವನಿ ಬಂತು, ಸಭೆಯಲ್ಲಿ ಮಾತಾಡಿ ಮಾತಾಡಿ ಪಳಗಿದ ಧ್ವನಿ. “ಏನಯ್ಯಾ ಇದು? ಯಾವಳದಯ್ಯಾ ಈ ಹೆಬ್ಬೆಟ್ಟು?”

ಕೊಟ್ರಪ್ಪ ಏನೆಂದನೋ ಹಿತ್ತಿಲಿಗೆ ಕೇಳಿಸಲಿಲ್ಲ.

“ಅಷ್ಟು ಬೇಗ ಹೋಗಾಕಿಲ್ಲ ಅದು,” ಎಂದು ಅಕ್ಕಯಮ್ಮ ಕೊಳಗವನ್ನು ತನ್ನ ಕಡೆ ಎಳೆದುಕೊಂಡು ನಲ್ಲಿಯ ಕೆಳಗೆ ಅವಳ ಕೈಗೆ ಜಾಗ ಬಿಟ್ಟಳು. “ಮೊದಲ ಸಲ ಅಲ್ವಾ. ಭಾನುವಾರಕ್ಕೂ ಇರ್ತದೆ ಬಿಡಿ.”